ಓದುಗರ ಪ್ರಶ್ನೆ-ಉತ್ತರ: ಪೇಪರ್ ಗುಡ್ಡೆ ಹಾಕಿದ್ರೆ ರಿವ್ಯೂ ಆಗಲ್ಲ

ಹೋದ ಸಂಚಿಕೇಲಿ ಒಬ್ಬರಿಗೆ ಉತ್ತರ ಬರೀತಾ, ಒಂದೇ ಒಂದು ಟ್ರಯಲ್ ನೋಡಿ ಔಷಧಿ ಬದಲಾಯಿಸ್ಬೇಡಿ, ಮೊದಲು ಒಳ್ಳೇ ಸಿಸ್ಟಮ್ಯಾಟಿಕ್ ರಿವ್ಯೂ, ಅಂದ್ರೆ ಒಂದು ಪ್ರಶ್ನೆಗೆ ಸಂಬಂಧಪಟ್ಟ ಎಲ್ಲಾ ಸ್ಟಡಿಗಳನ್ನ ಮೊದಲೇ ಬರೆದ ನಿಯಮದಂತೆ ಹುಡುಕಿ ತೂಗಿ ನೋಡಿದ ವರದಿ, ಇದ್ಯಾ ನೋಡಿ ಅಂತ ಒಂದು ಸಾಲು ಸೇರಿಸಿದ್ದೆ ಅಷ್ಟೆ. ಅದಕ್ಕೆ ಬಂದ ಪತ್ರಗಳನ್ನ ನೋಡಿ ನಂಗೇ ಆಶ್ಚರ್ಯ ಆಯ್ತು. ರಿವ್ಯೂ ಓದೋದು ಹೇಗೆ ಅಂತ ಕೇಳಿದೋರು ಕೆಲವರು, ಮಾಡೋದು ಹೇಗೆ ಅಂತ ಕೇಳಿದೋರೇ ಜಾಸ್ತಿ. ಹಾಗಾಗಿ ಈ ಸಲ ಪೂರ್ತಿ ಅದೇ ವಿಷಯ.

ಪ್ರಶ್ನೆ: ಮೇಡಂ, ನಾನು ಪಿಜಿ ಎರಡನೇ ವರ್ಷ. ಥೀಸಿಸ್‌ಗೆ ಸಾಕಷ್ಟು ರೋಗಿಗಳು ಸಿಗ್ತಿಲ್ಲ ಅಂದಿದ್ದಕ್ಕೆ ನಮ್ಮ ಗೈಡು "ಸಿಸ್ಟಮ್ಯಾಟಿಕ್ ರಿವ್ಯೂ ಮಾಡ್ಬಿಡಮ್ಮ, ಕೂತಲ್ಲೇ ಆಗುತ್ತೆ, ಎರಡು ತಿಂಗಳ ಕೆಲಸ" ಅಂದ್ರು. ವಿಷಯ ಮಕ್ಕಳ ಭೇದಿಗೆ ಜಿಂಕ್ ಕೊಡೋದು. ಎಲ್ಲಿಂದ ಶುರು ಮಾಡ್ಲಿ?

ಉತ್ತರ: ಕೂತಲ್ಲೇ ಆಗುತ್ತೆ ಅನ್ನೋದು ನಿಜ, ಎರಡು ತಿಂಗಳು ಅನ್ನೋದು ಸುಳ್ಳು. ಪ್ರಾಸ್ಪೆರೋ ಅಂತ ರಿವ್ಯೂಗಳನ್ನ ಮೊದಲೇ ನೋಂದಾಯಿಸೋ ಒಂದು ರಿಜಿಸ್ಟರ್ ಇದೆ, ಇಂಗ್ಲೆಂಡಿನ ಯಾರ್ಕ್ ಯೂನಿವರ್ಸಿಟಿಯವರು 2011ರಿಂದ ನಡೆಸ್ತಿದಾರೆ. ಅದರಲ್ಲಿದ್ದ ರಿವ್ಯೂಗಳನ್ನ ಹಿಡ್ಕೊಂಡು 2017ರಲ್ಲಿ ಯಾರೋ ಲೆಕ್ಕ ಹಾಕಿದ್ರು, ನೋಂದಣಿಯಿಂದ ಪ್ರಕಟಣೆ ತನಕ ಸರಾಸರಿ 67 ವಾರ, ಅದೂ ಸರಾಸರಿ ಐದು ಜನ ಕೂಡಿ. ಗೈಡಿಗೆ ಈ ಸಂಖ್ಯೆ ತೋರಿಸಿ, ಜಗಳ ಆಡ್ಬೇಡಿ, ಸುಮ್ನೆ ತೋರಿಸಿ.

ಮೊದಲ ಕೆಲಸ ಬರೆಯೋದಲ್ಲ, ಆಗ್ಲೇ ಯಾರಾದ್ರೂ ಮಾಡಿದಾರಾ ಅಂತ ನೋಡೋದು. ನಿಮ್ಮ ವಿಷಯದ ಮೇಲೆ, ಇಂಥ ರಿವ್ಯೂಗಳನ್ನೇ ಮಾಡೋ ಸಂಸ್ಥೆಯಾದ ಕಾಕ್ರೇನ್‌ನವರ ರಿವ್ಯೂ ಇದೆ. ಆರು ತಿಂಗಳು ದಾಟಿದ ಮಕ್ಕಳಲ್ಲಿ ಭೇದಿ ಹೆಚ್ಚುಕಮ್ಮಿ ಅರ್ಧ ದಿನ ಬೇಗ ನಿಲ್ಲಬಹುದು, ಅದಕ್ಕಿಂತ ಚಿಕ್ಕ ಮಕ್ಕಳಲ್ಲಿ ಅಂಥ ಪ್ರಯೋಜನ ಕಂಡಿಲ್ಲ, ವಾಂತಿ ಮಾತ್ರ ಜಾಸ್ತಿ ಆಗುತ್ತೆ ಅಂತ ಅದರ ಸಾರಾಂಶ. ಈಗ ಇದನ್ನೇ ಇನ್ನೊಂದು ಸಲ ಮಾಡಿದ್ರೆ ಯಾರಿಗೆ ಉಪಯೋಗ? ಆ ರಿವ್ಯೂ ಆದ ಮೇಲೆ ಹೊಸ ಟ್ರಯಲ್‌ಗಳು ಬಂದಿದ್ರೆ, ಅಥವಾ ಅವರು ಕೇಳದೇ ಬಿಟ್ಟ ಪ್ರಶ್ನೆ ಇದ್ರೆ, ಉದಾಹರಣೆಗೆ ಡೋಸ್ ಕಮ್ಮಿ ಮಾಡಿದ್ರೆ ವಾಂತಿ ಕಮ್ಮಿ ಆಗುತ್ತಾ ಅಂತ, ಆಗ ಮಾಡಿ.

ಪ್ರಶ್ನೆ ಸಿಕ್ಕ ಮೇಲೆ ಅದನ್ನ ನಾಲ್ಕು ತುಂಡು ಮಾಡ್ಬೇಕು: ಯಾರಲ್ಲಿ, ಏನು ಕೊಟ್ಟು, ಯಾವುದಕ್ಕೆ ಹೋಲಿಸಿ, ಏನನ್ನ ಅಳೆದು. ಇದಕ್ಕೇ ಪೈಕೋ ಅನ್ನೋದು. ಕೇಳೋಕೆ ಸುಲಭ, ಆದ್ರೆ ನಿಜವಾದ ತಲೆನೋವು ಇಲ್ಲೇ ಶುರು. ಭೇದಿ ಅಂದ್ರೆ ಏನು? ದಿನಕ್ಕೆ ಮೂರು ಅಥವಾ ಅದಕ್ಕಿಂತ ಹೆಚ್ಚು ಸಲ ನೀರಾಗಿ ಹೋದ್ರೆ ಭೇದಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ಆದ್ರೆ ಒಂದು ಟ್ರಯಲ್‌ನೋರು ತಾಯಿ "ಭೇದಿ" ಅಂದಿದ್ದನ್ನೇ ತಗೊಂಡಿರ್ತಾರೆ, ಅದು ನಿಮ್ಮ ರಿವ್ಯೂಗೆ ಸೇರುತ್ತಾ ಇಲ್ವಾ? ನಿಂತಿತು ಅಂದ್ರೆ ಯಾವಾಗ, ಮೊದಲ ಗಟ್ಟಿ ಮಲಕ್ಕಾ, ಕೊನೇ ನೀರು ಮಲಕ್ಕಾ, ಇಲ್ಲ 24 ಗಂಟೆ ಏನೂ ಆಗದೆ ಇದ್ರಾ? ಇವನ್ನೆಲ್ಲ ಪೇಪರ್‌ಗಳ ಫಲಿತಾಂಶ ನೋಡೋಕೆ ಮುಂಚೆ ಪ್ರೋಟೋಕಾಲ್‌ನಲ್ಲಿ, ಅಂದ್ರೆ ರಿವ್ಯೂ ಹೇಗೆ ಮಾಡ್ತೀವಿ ಅನ್ನೋ ಯೋಜನೇಲಿ, ಬರೆದು ಪ್ರಾಸ್ಪೆರೋಗೆ ಹಾಕ್ಬಿಡಿ. ಯಾಕೆ ಮುಂಚೆ ಅಂದ್ರೆ, ಫಲಿತಾಂಶ ನೋಡಿದ ಮೇಲೆ ನಿಯಮ ಬರೆಯೋಕೆ ಕೂತ್ರೆ, ನೀವು ಎಷ್ಟೇ ಪ್ರಾಮಾಣಿಕರಾಗಿರಿ, ನಿಯಮ ತಾನಾಗೇ ನಿಮಗೆ ಇಷ್ಟವಾದ ಫಲಿತಾಂಶದ ಕಡೆ ವಾಲುತ್ತೆ. ನಿಮಗೇ ಗೊತ್ತಾಗಲ್ಲ. ಮಾಮೂಲಿ ಲಿಟರೇಚರ್ ರಿವ್ಯೂಗೂ ಇದಕ್ಕೂ ಇರೋ ವ್ಯತ್ಯಾಸ ಏನು ಅಂತ ಕೇಳಿದ್ರೆ ನಾನು ಇದೊಂದನ್ನೇ ಹೇಳೋದು, ಉಳಿದಿದ್ದೆಲ್ಲ ಇದರ ಬಾಲ.

ಪ್ರಶ್ನೆ: ನಮ್ಮ ಡಿಪಾರ್ಟ್‌ಮೆಂಟಲ್ಲಿ ಹಿರಿಯರೊಬ್ಬರು "ಇನ್ನೊಬ್ಬರು ಮಾಡಿದ್ದನ್ನ ಕೂಡಿಸೋದು ಸಂಶೋಧನೆಯೇನ್ರೀ" ಅಂತ ಎಲ್ಲರ ಮುಂದೆ ನಗಾಡಿದ್ರು. ಏನು ಉತ್ತರ ಕೊಡ್ಲಿ?

ಉತ್ತರ: ಸ್ಟ್ರೆಪ್ಟೋಕೈನೇಸ್ ಕಥೆ ಹೇಳಿ. ಹಾರ್ಟ್ ಅಟ್ಯಾಕ್ ಆದಾಗ ರಕ್ತನಾಳದ ಗಡ್ಡೆ ಕರಗಿಸೋ ಔಷಧಿ ಅದು. 1959ರಿಂದ 1988ರ ತನಕ ಅದರ ಮೇಲೆ 33 ಟ್ರಯಲ್ ಆದವು. 1992ರಲ್ಲಿ ಕೆಲವರು ಆ ಟ್ರಯಲ್‌ಗಳನ್ನ ಬಂದ ಕ್ರಮದಲ್ಲೇ ಒಂದೊಂದಾಗಿ ಕೂಡಿಸ್ತಾ ಹೋದ್ರು, 1973ಕ್ಕೇ, ಎಂಟು ಟ್ರಯಲ್ 2,432 ರೋಗಿಗಳು ಆಗುವಷ್ಟರಲ್ಲೇ, ಈ ಔಷಧಿ ಜೀವ ಉಳಿಸುತ್ತೆ ಅಂತ ಲೆಕ್ಕ ಹೇಳ್ತಿತ್ತು. ಕೂಡಿಸಿ ನೋಡಿದೋರು ಇರಲಿಲ್ಲ ಅಷ್ಟೆ. ಆಮೇಲೆ ಇನ್ನೂ 25 ಟ್ರಯಲ್ ನಡೀತು, 34,542 ರೋಗಿಗಳು ಸೇರಿದ್ರು, ಅವರಲ್ಲಿ ಕಂಟ್ರೋಲ್ ಗುಂಪಿಗೆ ಬಿದ್ದೋರಿಗೆ ಆ ಔಷಧಿ ಸಿಗಲೇ ಇಲ್ಲ. ಆರ್ಚಿ ಕಾಕ್ರೇನ್ ಅನ್ನೋ ಬ್ರಿಟಿಷ್ ವೈದ್ಯರು 1979ರಲ್ಲಿ ತಮ್ಮ ವೃತ್ತಿಯೋರ ಮೇಲೆ ಸಿಟ್ಟು ಮಾಡ್ಕೊಂಡಿದ್ದೂ ಇದಕ್ಕೇ, ಎಲ್ಲಾ ಟ್ರಯಲ್‌ಗಳನ್ನ ವಿಷಯವಾರು ಕೂಡಿಸಿ ಆಗಾಗ ಹೊಸದು ಮಾಡ್ತಾ ಇರೋ ವ್ಯವಸ್ಥೆ ನಮ್ಮಲ್ಲಿ ಇಲ್ಲವಲ್ಲ ಅಂತ. ಅವರ ಹೆಸರಲ್ಲಿ ಸಂಸ್ಥೆ ಶುರುವಾಗಿದ್ದು 1993ರಲ್ಲಿ.

ಆದ್ರೂ ಆ ಹಿರಿಯರು ಪೂರ್ತಿ ತಪ್ಪಲ್ಲ ಅಂತಾನೂ ಹೇಳ್ಬೇಕು. ಬಯೋಡೇಟಾಗೆ ಒಂದು ಸಾಲು ಸೇರ್ಲಿ ಅಂತ ಮಾಡಿದ ರಿವ್ಯೂಗಳು ಈಗ ರಾಶಿ ರಾಶಿ, ಒಂದೇ ವಿಷಯಕ್ಕೆ ಹತ್ತು. ಅವನ್ನ ನೋಡಿ ಅವರು ನಕ್ಕಿದ್ರೆ ನಾನೂ ಜೊತೆಗೆ ನಗ್ತೀನಿ.

ಪ್ರಶ್ನೆ: ಪಬ್‌ಮೆಡ್‌ನಲ್ಲಿ (ವೈದ್ಯಕೀಯ ಪೇಪರ್‌ಗಳ ಆನ್‌ಲೈನ್ ಡೇಟಾಬೇಸ್) ಹುಡುಕಿದ್ರೆ ಒಂದ್ಸಲ 40 ಪೇಪರ್ ಬರುತ್ತೆ, ಪದ ಸ್ವಲ್ಪ ಬದಲಾಯಿಸಿದ್ರೆ 9 ಸಾವಿರ ಬರುತ್ತೆ. ಸರಿಯಾದ ಸರ್ಚ್ ಅಂದ್ರೆ ಯಾವುದು?

ಉತ್ತರ: 40 ಖಂಡಿತ ಅಲ್ಲ. 9 ಸಾವಿರ ಇರಬಹುದು, ಹೆದರ್ಬೇಡಿ.

ಸರ್ಚನ್ನ ಇಡೀ ವಾಕ್ಯ ಟೈಪ್ ಮಾಡಿ ಮಾಡೋದಲ್ಲ, ಪೈಕೋದ ಒಂದೊಂದು ತುಂಡಿಗೂ ಒಂದೊಂದು ಕಟ್ಟು ಮಾಡ್ಕೊಳ್ಳಿ. ಒಂದು ಕಟ್ಟಿನೊಳಗೆ ಒಂದೇ ಅರ್ಥದ ಎಲ್ಲಾ ಪದಗಳು, ಮಧ್ಯೆ ಆರ್ (OR). ಕಟ್ಟಿಗೂ ಕಟ್ಟಿಗೂ ಮಧ್ಯೆ ಆಂಡ್ (AND). ಮೇಲಿನ ಪತ್ರದ ಭೇದಿಯನ್ನೇ ತಗೊಳ್ಳಿ. ಡಯೇರಿಯಾ ಅನ್ನೋ ಪದಕ್ಕೆ ಬ್ರಿಟಿಷ್ ಸ್ಪೆಲಿಂಗಲ್ಲಿ ಮಧ್ಯೆ ಒಂದು ಓ ಅಕ್ಷರ ಜಾಸ್ತಿ, ಅಮೆರಿಕದ್ದರಲ್ಲಿ ಇಲ್ಲ, ಒಂದನ್ನ ಮಾತ್ರ ಹಾಕಿದ್ರೆ ಇನ್ನೊಂದು ಕಡೆಯೋರ ಪೇಪರ್ ತಪ್ಪಿ ಹೋಗ್ಬಹುದು. ಅದಕ್ಕೆ ಎಚ್ ಅಕ್ಷರದ ತನಕ ಟೈಪ್ ಮಾಡಿ ನಕ್ಷತ್ರ (*) ಹಾಕೋದು, ಆಗ ಎರಡೂ ಬರುತ್ತೆ. ಆದ್ರೆ ಪಬ್‌ಮೆಡ್‌ನಲ್ಲಿ ನಕ್ಷತ್ರ ಹಾಕಿದ ಪದಕ್ಕೆ ಅದು ತಾನಾಗೇ ಮೆಶ್ ಪದ (ಪೇಪರ್ ಯಾವ ವಿಷಯದ್ದು ಅಂತ ಡೇಟಾಬೇಸ್‌ನೋರೇ ಅಂಟಿಸೋ ಹೆಸರು) ಹುಡುಕಿ ಸೇರಿಸೋದನ್ನ ನಿಲ್ಲಿಸಿಬಿಡುತ್ತೆ, ಹಾಗಾಗಿ ಮೆಶ್ ಪದವನ್ನ ನೀವೇ ಬೇರೆ ಸೇರಿಸ್ಬೇಕು. ಇಂಥ ಸಣ್ಣ ಸಣ್ಣ ವಿಷಯಕ್ಕೇ ಲೈಬ್ರೇರಿಯನ್ ಬೇಕಾಗೋದು. ಅವರನ್ನ ಮೊದಲ ವಾರವೇ ಹೋಗಿ ನೋಡಿ, ಕೊನೇ ವಾರ ಅಲ್ಲ. ಇನ್ನೊಂದು, ನಾಟ್ (NOT) ಅನ್ನೋದನ್ನ ಮುಟ್ಟೋಕೆ ಹೋಗ್ಬೇಡಿ. ಪ್ರಾಣಿಗಳ ಸ್ಟಡಿ ಬೇಡ ಅಂತ ನಾಟ್ ಹಾಕಿದ್ರೆ ಪ್ರಾಣಿಗಳ ಜೊತೆ ಮನುಷ್ಯರನ್ನೂ ನೋಡಿರೋ ಸ್ಟಡಿ ಸಮೇತ ಹಾರಿಹೋಗುತ್ತೆ.

ಸರ್ಚ್ ಸರಿ ಇದೆಯಾ ಅಂತ ಪರೀಕ್ಷೆ ಮಾಡೋದು ಸುಲಭ. ಬಂದೇ ಬರ್ಬೇಕು ಅಂತ ನಿಮಗೆ ಗೊತ್ತಿರೋ ಐದಾರು ಪೇಪರ್ ಪಕ್ಕಕ್ಕಿಟ್ಕೊಳ್ಳಿ, ನಿಮ್ಮ ಸರ್ಚಲ್ಲಿ ಅವು ಬಂದ್ವಾ ನೋಡಿ. ಒಂದು ತಪ್ಪಿದ್ರೂ ಯಾಕೆ ತಪ್ತು ಅಂತ ಅದರ ಟೈಟಲ್ಲು, ಅಬ್‌ಸ್ಟ್ರಾಕ್ಟು, ಮೆಶ್ ಪದ ನೋಡಿ ಕಂಡುಹಿಡೀರಿ. ಪಬ್‌ಮೆಡ್ ಒಂದರಲ್ಲೇ ನಿಲ್ಲಿಸ್ಬೇಡಿ, ಎಂಬೇಸ್, ಕಾಕ್ರೇನ್‌ನ ಸೆಂಟ್ರಲ್, ನರ್ಸಿಂಗ್ ವಿಷಯ ಆದ್ರೆ ಸಿನಾಲ್ ಈ ಡೇಟಾಬೇಸ್‌ಗಳೂ ಬೇಕು. ಎಲ್ಲಕ್ಕಿಂತ ಮುಖ್ಯ ಟ್ರಯಲ್ ರಿಜಿಸ್ಟರ್‌ಗಳು, ಯಾಕಂದ್ರೆ ಪ್ರಕಟ ಆಗದ ಟ್ರಯಲ್‌ನ ಸುಳಿವು ಸಿಗೋದು ಅಲ್ಲೇ. ರೆಬಾಕ್ಸೆಟಿನ್ ಅಂತ ಖಿನ್ನತೆಗೆ ಕೊಡೋ ಮಾತ್ರೆ ಇದೆ. 2010ರಲ್ಲಿ ಜರ್ಮನಿಯ ಸಂಸ್ಥೆಯೊಂದರ ಸಂಶೋಧಕರು ಕಂಪನಿ ಹತ್ರ ಇದ್ದಿದ್ದನ್ನೂ ಸೇರಿಸಿ ರಿವ್ಯೂ ಮಾಡಿದಾಗ ಗೊತ್ತಾಗಿದ್ದು, ರೋಗಿಗಳ ಡೇಟಾದಲ್ಲಿ 74% ಪ್ರಕಟವೇ ಆಗಿರಲಿಲ್ಲ. ಪ್ರಕಟ ಆಗಿದ್ದು ಮಾತ್ರ ನೋಡಿದ್ರೆ ಒಳ್ಳೇ ಮಾತ್ರೆ, ಎಲ್ಲಾ ಸೇರಿಸಿ ನೋಡಿದ್ರೆ ಡಮ್ಮಿ ಮಾತ್ರೆಗಿಂತ ಮೇಲಲ್ಲ, ಮೇಲಿಂದ ಅಡ್ಡಪರಿಣಾಮ ಬೇರೆ.

ಪ್ರಶ್ನೆ: ನಾನು ನನ್ನ ಸ್ನೇಹಿತೆ ಇಬ್ರೂ ಸ್ಕ್ರೀನಿಂಗ್, ಅಂದ್ರೆ ಸರ್ಚಲ್ಲಿ ಬಂದಿದ್ದರಲ್ಲಿ ಯಾವ ಪೇಪರ್ ಬೇಕು ಯಾವುದು ಬೇಡ ಅಂತ ಆರಿಸೋದು, ಮಾಡ್ತಿದೀವಿ. ಅವಳು ಇಟ್ಕೊಂಡಿದ್ದನ್ನ ನಾನು ಬಿಸಾಕಿದೀನಿ, ನಾನು ಇಟ್ಕೊಂಡಿದ್ದನ್ನ ಅವಳು. ಮಾತು ಬಿಡೋ ಹಂತಕ್ಕೆ ಬಂದಿದೆ. ಒಬ್ಬರೇ ಮಾಡಿದ್ರೆ ಆಗಲ್ವಾ?

ಉತ್ತರ: ಜಗಳ ಆಗ್ತಿದೆ ಅಂದ್ರೆ ಕೆಲಸ ಸರಿಯಾಗೇ ನಡೀತಿದೆ. ಇಬ್ಬರು ಯಾಕೆ ಅಂದ್ರೆ ಇದಕ್ಕೇ, ಐನೂರನೇ ಅಬ್‌ಸ್ಟ್ರಾಕ್ಟ್ ಹೊತ್ತಿಗೆ ಯಾರಿಗಾದ್ರೂ ಕಣ್ಣು ಮಂಜಾಗುತ್ತೆ, ಒಬ್ಬರ ಕಣ್ಣು ತಪ್ಪಿಸಿದ್ದು ಇನ್ನೊಬ್ಬರಿಗೆ ಬೀಳ್ಲಿ ಅಂತ. ಆದ್ರೆ ಇಷ್ಟೊಂದು ವ್ಯತ್ಯಾಸ ಬರ್ತಿದ್ರೆ ತಪ್ಪು ನಿಮ್ಮಿಬ್ಬರದ್ದಲ್ಲ, ನಿಯಮದ್ದು. ನಿಲ್ಲಿಸಿ, 50 ಅಬ್‌ಸ್ಟ್ರಾಕ್ಟ್ ತಗೊಂಡು ಇಬ್ರೂ ಬೇರೆ ಬೇರೆ ಮಾಡಿ, ಆಮೇಲೆ ಕೂತು ಹೋಲಿಸಿ, ಯಾವ ಪದವನ್ನ ಒಬ್ಬೊಬ್ಬರು ಒಂದೊಂದು ಥರ ಅರ್ಥ ಮಾಡ್ಕೊಂಡಿದೀರ ನೋಡಿ, ಅದನ್ನ ಬಿಡಿಸಿ ಬರೆದಿಟ್ಟು ಮತ್ತೆ ಮುಂದುವರೀರಿ. ಬಗೆಹರಿಯದಿದ್ದಕ್ಕೆ ಮೂರನೆಯವರು. ರಯ್ಯಾನ್ ಥರದ ಟೂಲ್ ಬಳಸಿದ್ರೆ ಒಬ್ಬರ ತೀರ್ಪು ಇನ್ನೊಬ್ಬರಿಗೆ ಕಾಣದ ಹಾಗೆ ಮುಚ್ಚಿಡಬಹುದು, ಅದೂ ಸ್ನೇಹಕ್ಕೆ ಒಳ್ಳೇದು.

ಪೂರ್ತಿ ಪೇಪರ್ ಓದಿ ಬಿಸಾಕಿದ್ದಕ್ಕೆ ಒಂದೊಂದಕ್ಕೂ ಕಾರಣ ಬರೆದಿಡಿ, ಎಷ್ಟು ಪೇಪರ್ ಬಂತು, ಎಷ್ಟು ಉಳೀತು ಅಂತ ತೋರಿಸೋ ಪ್ರಿಸ್ಮಾ ಚಿತ್ರದಲ್ಲಿ ಕೇಳ್ತಾರೆ. ಒಂದೇ ರೋಗಿಗಳ ಡೇಟಾ ಎರಡು ಪೇಪರಲ್ಲಿ ಬಂದಿದೆಯಾ ಅಂತಾನೂ ನೋಡಿ. ವಾಂತಿಗೆ ಕೊಡೋ ಒಂಡಾನ್‌ಸೆಟ್ರಾನ್ ವಿಷಯದಲ್ಲಿ 1997ರಲ್ಲಿ ಹೀಗೇ ಆಗಿದ್ದು ಸಿಕ್ಕಿಬಿತ್ತು, ರೋಗಿಗಳ ಡೇಟಾದಲ್ಲಿ 28% ಒಂದಕ್ಕಿಂತ ಹೆಚ್ಚು ಸಲ ಅಚ್ಚಾಗಿತ್ತು, ಅದರಿಂದ ಔಷಧಿಯ ಪರಿಣಾಮ 23% ಜಾಸ್ತಿ ಕಾಣ್ತಿತ್ತು.

ಪ್ರಶ್ನೆ: ನನ್ನ ಮೆಟಾ-ಅನಾಲಿಸಿಸ್‌ನಲ್ಲಿ (ಸ್ಟಡಿಗಳ ಫಲಿತಾಂಶದ ಸಂಖ್ಯೆಗಳನ್ನ ಕೂಡಿಸಿ ಒಂದು ಸರಾಸರಿ ತೆಗೆಯೋದು) ಐ-ಸ್ಕ್ವೇರ್ 88% ಬಂದಿದೆ. ಗೈಡು "ರ‍್ಯಾಂಡಮ್ ಎಫೆಕ್ಟ್ಸ್ ಹಾಕಿ ಮುಗಿಸಿ, ಫಾರೆಸ್ಟ್ ಪ್ಲಾಟ್ ಇಲ್ದೆ ಜರ್ನಲ್‌ನೋರು ತಗೊಳಲ್ಲ" ಅಂತಾರೆ. ಏನ್ ಮಾಡ್ಲಿ?

ಉತ್ತರ: ಮೂಗಿಗಿಂತ ಮೂಗುತಿ ಭಾರ ಅನ್ನೋದು ಇದಕ್ಕೇ. ಮೆಟಾ-ಅನಾಲಿಸಿಸ್ ಇಲ್ಲದ ಸಿಸ್ಟಮ್ಯಾಟಿಕ್ ರಿವ್ಯೂನೂ ಪೂರ್ತಿ ರಿವ್ಯೂನೇ.

ಐ-ಸ್ಕ್ವೇರ್ ಹೇಳೋದು ಇಷ್ಟು, ಸ್ಟಡಿಗಳ ಮಧ್ಯೆ ಕಾಣ್ತಿರೋ ವ್ಯತ್ಯಾಸದಲ್ಲಿ ಬರೀ ಆಕಸ್ಮಿಕದಿಂದ ಅಲ್ಲದೆ ಬಂದಿರೋ ಪಾಲು ಎಷ್ಟು ಅಂತ. ವ್ಯತ್ಯಾಸ ದೊಡ್ಡದಾ ಚಿಕ್ಕದಾ ಅಂತ ಅದು ಹೇಳಲ್ಲ. ದೊಡ್ಡ ದೊಡ್ಡ ಸ್ಟಡಿ ಇದ್ರೆ ಸಣ್ಣ ವ್ಯತ್ಯಾಸಕ್ಕೂ ಐ-ಸ್ಕ್ವೇರ್ ಏರುತ್ತೆ. ಅದಕ್ಕೆ ಸಂಖ್ಯೆ ನೋಡೋ ಮುಂಚೆ ಫಾರೆಸ್ಟ್ ಪ್ಲಾಟನ್ನ, ಅಂದ್ರೆ ಒಂದೊಂದು ಸ್ಟಡಿಯ ಪರಿಣಾಮವನ್ನ ಸಾಲಾಗಿ ತೋರಿಸೋ ಚಿತ್ರವನ್ನ, ಕಣ್ಣಲ್ಲಿ ನೋಡಿ, ಎಲ್ಲಾ ಸ್ಟಡಿಗಳೂ ಪರಿಣಾಮ ಇಲ್ಲ ಅನ್ನೋ ಗೆರೆಯ ಒಂದೇ ಕಡೆ ಇದ್ದು ಕೆಲವು ಹೆಚ್ಚು ಕೆಲವು ಕಮ್ಮಿ ಅಂತಿದ್ರೆ ಅದು ಒಂದು ಕಥೆ, ಅರ್ಧ ಆ ಕಡೆ ಅರ್ಧ ಈ ಕಡೆ ಇದ್ರೆ ಬೇರೆ ಕಥೆ. ಎರಡನೇದಕ್ಕೆ ಕೆಳಗೊಂದು ವಜ್ರದ ಆಕಾರ ಬರೆದು ಸರಾಸರಿ ಹೇಳಿದ್ರೆ ಅದು ಯಾವ ರೋಗಿಗೂ ಅನ್ವಯಿಸದ ಸರಾಸರಿ. ರ‍್ಯಾಂಡಮ್ ಎಫೆಕ್ಟ್ಸ್ ಅನ್ನೋದು ವ್ಯತ್ಯಾಸ ಇದೆ ಅಂತ ಒಪ್ಕೊಳ್ಳೋ ಲೆಕ್ಕ, ವ್ಯತ್ಯಾಸ ಹೋಗಲಾಡಿಸೋ ಔಷಧಿ ಅಲ್ಲ, ಜೊತೆಗೆ ಅದು ಚಿಕ್ಕ ಸ್ಟಡಿಗಳಿಗೆ ತೂಕ ಜಾಸ್ತಿ ಕೊಡುತ್ತೆ. ಹಾಕೋದಾದ್ರೆ ಪ್ರಿಡಿಕ್ಷನ್ ಇಂಟರ್ವಲ್ಲೂ ಕೊಡಿ, ನಾಳೆ ಹೊಸ ಕಡೆ ಕೊಟ್ರೆ ಪರಿಣಾಮ ಎಲ್ಲಿಂದ ಎಲ್ಲಿ ತನಕ ಇರಬಹುದು ಅಂತ ಅದು ತೋರಿಸುತ್ತೆ.

ಆದ್ರೆ ಅದಕ್ಕೂ ಮುಂಚೆ ಡೇಟಾ ಸರಿಯಾಗಿ ತೆಗೆದಿದೀರಾ ನೋಡಿ. ಇದನ್ನ ನಾನು ಅನುಭವಿಸಿ ಹೇಳ್ತಿದೀನಿ. ನನ್ನ ಮೊದಲ ರಿವ್ಯೂನಲ್ಲಿ ಒಂದು ಸ್ಟಡಿ, ಒಂದೊಂದು ಗುಂಪಲ್ಲಿ 100 ಜನ, ಟೇಬಲಲ್ಲಿ "62 ± 3 ಗಂಟೆ" ಅಂತಿತ್ತು. ನಾನು 3 ಅನ್ನ ಸ್ಟ್ಯಾಂಡರ್ಡ್ ಡೀವಿಯೇಷನ್ (ರೋಗಿಯಿಂದ ರೋಗಿಗೆ ಎಷ್ಟು ವ್ಯತ್ಯಾಸ ಅನ್ನೋ ಅಳತೆ) ಅಂತ ಹಾಕಿಬಿಟ್ಟೆ. ಪ್ಲಾಟ್ ಬಂತು, ಆ ಒಂದು ಸ್ಟಡಿ ಮಿಕ್ಕವನ್ನೆಲ್ಲ ನುಂಗಿ ನೀರು ಕುಡಿದಿತ್ತು, ಐ-ಸ್ಕ್ವೇರ್ 90ರ ಮೇಲೆ. ಎರಡು ವಾರ ಸಬ್‌ಗ್ರೂಪ್ ಮಾಡಿದೆ, ವಯಸ್ಸು, ದೇಶ, ಡೋಸ್ ಅಂತ ಕಾರಣ ಹುಡುಕ್ತಾ. ಕೊನೆಗೆ ಜೊತೆಗಿದ್ದ ಹುಡುಗಿ ಅದೇ ಟೇಬಲ್ ಕೆಳಗೆ ಇರುವೆ ಅಕ್ಷರದಲ್ಲಿದ್ದ ಫುಟ್‌ನೋಟ್ ತೋರಿಸಿದ್ಲು: ಸ್ಟ್ಯಾಂಡರ್ಡ್ ಎರರ್, ಅಂದ್ರೆ ಸರಾಸರಿ ಎಷ್ಟು ನಿಖರ ಅನ್ನೋ ಅಳತೆ. ಎರರನ್ನ ಡೀವಿಯೇಷನ್ ಮಾಡ್ಬೇಕಾದ್ರೆ ಜನರ ಸಂಖ್ಯೆಯ ವರ್ಗಮೂಲದಿಂದ ಗುಣಿಸ್ಬೇಕು, 100ರ ವರ್ಗಮೂಲ 10, ಹಾಗಾಗಿ ನಿಜವಾದ ಡೀವಿಯೇಷನ್ 30. ಹತ್ತು ಪಟ್ಟು ತಪ್ಪು, ತೂಕ ಲೆಕ್ಕ ಹಾಕೋದು ವರ್ಗದಲ್ಲಿ, ಅಂದ್ರೆ ಆ ಸ್ಟಡಿಗೆ ನಾನು ನೂರು ಪಟ್ಟು ತೂಕ ಕೊಟ್ಟಿದ್ದೆ. ತಲೆ ಮೇಲೆ ಕೈ ಹೊತ್ತು ಕೂತೆ. ಡೇಟಾ ತೆಗೆಯೋದನ್ನೂ ಇಬ್ಬರು ಬೇರೆ ಬೇರೆ ಮಾಡ್ಬೇಕು ಅಂತ ಪುಸ್ತಕದಲ್ಲಿ ಓದಿದ್ದೆ, ಅರ್ಥ ಆಗಿದ್ದು ಅವತ್ತು.

ಡೇಟಾ ಸರಿ ಇದ್ದೂ ವ್ಯತ್ಯಾಸ ಉಳಿದ್ರೆ, ಪ್ರೋಟೋಕಾಲ್‌ನಲ್ಲಿ ಮೊದಲೇ ಬರೆದಿದ್ದ ಸಬ್‌ಗ್ರೂಪ್ ಮಾತ್ರ ನೋಡಿ. ಆಮೇಲೆ ಹೊಳೆದ ಸಬ್‌ಗ್ರೂಪ್‌ಗಳು ಎಂಥವು ಅಂದ್ರೆ, 1988ರ ಐಸಿಸ್-2 ಅನ್ನೋ 17,187 ರೋಗಿಗಳ ಟ್ರಯಲ್‌ನಲ್ಲಿ ಹಾರ್ಟ್ ಅಟ್ಯಾಕಿಗೆ ಆಸ್ಪಿರಿನ್ ಚೆನ್ನಾಗಿ ಕೆಲಸ ಮಾಡ್ತು, ಆದ್ರೆ ರೋಗಿಗಳನ್ನ ರಾಶಿ ಪ್ರಕಾರ ಬೇರೆ ಮಾಡಿದಾಗ ಮಿಥುನ ಮತ್ತೆ ತುಲಾ ರಾಶಿಯೋರಿಗೆ ಪ್ರಯೋಜನ ಇಲ್ಲ ಅಂತ ಬಂತು. ಸಬ್‌ಗ್ರೂಪ್ ನಂಬೋರಿಗೆ ಪಾಠ ಆಗ್ಲಿ ಅಂತಾನೇ ಸಂಶೋಧಕರು ಅದನ್ನ ಹಾಕಿದ್ದು. ಯಾವ ಕಾರಣವೂ ಸಿಗ್ಲಿಲ್ಲ ಅಂದ್ರೆ ಕೂಡಿಸ್ಬೇಡಿ, ಒಂದೊಂದು ಸ್ಟಡಿಯ ಪರಿಣಾಮವನ್ನ ಪಕ್ಕಪಕ್ಕ ಇಟ್ಟು ಬರವಣಿಗೇಲಿ ವಿವರಿಸಿ. "ಆರು ಸ್ಟಡಿ ಪರ, ನಾಲ್ಕು ವಿರುದ್ಧ" ಅಂತ ವೋಟು ಎಣಿಸೋಕೆ ಮಾತ್ರ ಹೋಗ್ಬೇಡಿ, 20 ಜನರ ಸ್ಟಡಿಗೂ 2 ಸಾವಿರ ಜನರ ಸ್ಟಡಿಗೂ ಒಂದೊಂದೇ ವೋಟು ಅಂದ್ರೆ ಅದೆಂಥ ನ್ಯಾಯ.

ಪ್ರಶ್ನೆ: ನಾನು ಪ್ರಾಕ್ಟೀಸ್ ಮಾಡೋ ವೈದ್ಯ, ಸಂಶೋಧಕ ಅಲ್ಲ. ಒಂದೇ ವಿಷಯಕ್ಕೆ ಎರಡು ರಿವ್ಯೂ, ಒಂದು ಕೊಡಿ ಅನ್ನುತ್ತೆ, ಇನ್ನೊಂದು ಬೇಡ ಅನ್ನುತ್ತೆ. ಕಾಲು ಗಂಟೇಲಿ ಯಾವುದನ್ನ ನಂಬ್ಬೇಕು ಅಂತ ತಿಳಿಯೋದು ಹೇಗೆ?

ಉತ್ತರ: ಕಾಲು ಗಂಟೆ ಸಾಕು ಡಾಕ್ಟ್ರೇ, ಪ್ಲಾಟಿನ ಕೆಳಗಿನ ವಜ್ರದಿಂದ ಶುರು ಮಾಡದಿದ್ರೆ. ನಾನು ಓದೋ ಕ್ರಮ ಹೇಳ್ತೀನಿ. ಮೊದಲು ಪ್ರೋಟೋಕಾಲ್ ಮುಂಚೆಯೇ ನೋಂದಣಿ ಆಗಿತ್ತಾ, ಅದರಲ್ಲಿ ಮುಖ್ಯ ಅಂದಿದ್ದ ಫಲಿತಾಂಶವೇ ಪೇಪರಲ್ಲೂ ಮುಖ್ಯವಾಗಿದೆಯಾ, ಇಲ್ಲ ಮಧ್ಯದಲ್ಲಿ ಬದಲಾಯ್ತಾ. ಆಮೇಲೆ ಸರ್ಚ್ ಯಾವ ದಿನಾಂಕದ ತನಕ, ಬಹಳ ಸಲ ಎರಡು ರಿವ್ಯೂ ಜಗಳ ಇಲ್ಲೇ ಮುಗಿಯುತ್ತೆ, ಒಂದರಲ್ಲಿ ಹೊಸ ದೊಡ್ಡ ಟ್ರಯಲ್ ಇರಲ್ಲ. ಆಮೇಲೆ ಎರಡರಲ್ಲೂ ಇರೋ ಸ್ಟಡಿಗಳ ಪಟ್ಟಿ ಪಕ್ಕಪಕ್ಕ ಇಟ್ಟು ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ್ದು ಯಾವುದು, ಯಾಕೆ ಬಿಟ್ರು ಅಂತ ಕಾರಣ ಕೊಟ್ಟಿದಾರಾ ನೋಡಿ. ಕೊನೆಗೆ ಒಂದೊಂದು ಟ್ರಯಲ್‌ನ ಗುಣಮಟ್ಟ ಅಳೆದಿದಾರಾ, ಅಳೆದು ಸುಮ್ನೆ ಟೇಬಲ್ ಹಾಕಿ ಮರೆತುಬಿಟ್ರಾ ಅಥವಾ ತೀರ್ಮಾನ ಬರೀವಾಗ ಅದನ್ನ ನೆನಪಿಟ್ಕೊಂಡ್ರಾ. ಮರೆಯೋರೇ ಜಾಸ್ತಿ.

ಇದನ್ನ ಕ್ರಮವಾಗಿ ಮಾಡ್ಬೇಕು ಅಂದ್ರೆ ಆಮ್‌ಸ್ಟಾರ್-2 ಅಂತ 2017ರ ಒಂದು ಪಟ್ಟಿ ಇದೆ, 16 ಪ್ರಶ್ನೆ, ಅದರಲ್ಲಿ 7 ನಿರ್ಣಾಯಕ. ಅಂಕ ಕೂಡಿಸ್ಬೇಡಿ, 16ಕ್ಕೆ 13 ಬಂತು ಅಂತ ಖುಷಿಪಟ್ರೆ ಹೋದ ಮೂರೂ ನಿರ್ಣಾಯಕದ್ದೇ ಆಗಿರಬಹುದು. ಪ್ರಿಸ್ಮಾನ ಇದಕ್ಕೆ ಬಳಸೋರೂ ಇದಾರೆ, ಅದು ವರದಿ ಹೇಗೆ ಬರೀಬೇಕು ಅನ್ನೋ 27 ಅಂಶಗಳ ಪಟ್ಟಿ, ರಿವ್ಯೂ ಒಳ್ಳೇದಾ ಅಂತ ಹೇಳಲ್ಲ. ಕೆಟ್ಟ ರಿವ್ಯೂನೂ ಪ್ರಿಸ್ಮಾ ಪ್ರಕಾರ ಚೆಂದಾಗಿ ಬರೀಬಹುದು. ಸಾಕ್ಷ್ಯ ಎಷ್ಟು ಖಾತ್ರಿ ಅಂತ ಹೇಳೋ ಗ್ರೇಡ್ ಟೇಬಲ್ ಇದ್ರೆ ಅದನ್ನೂ ನೋಡಿ, "ತುಂಬಾ ಕಡಿಮೆ ಖಾತ್ರಿ" ಅಂತ ಒಳಗೆ ಬರೆದು ಅಬ್‌ಸ್ಟ್ರಾಕ್ಟಲ್ಲಿ "ಪರಿಣಾಮಕಾರಿ" ಅಂದಿದ್ರೆ ಒಳಗಿನ ಮಾತು ನಂಬಿ.

ಬರೀ ಚಿಕ್ಕ ಟ್ರಯಲ್‌ಗಳನ್ನ ಕೂಡಿಸಿದ್ರೆ ಇನ್ನೂ ಹುಷಾರು. ಹಾರ್ಟ್ ಅಟ್ಯಾಕಿಗೆ ಮೆಗ್ನೀಷಿಯಂ ಕೊಟ್ರೆ ಸಾವು ಅರ್ಧದಷ್ಟು ಕಮ್ಮಿ ಆಗುತ್ತೆ ಅಂತ 1991ರಲ್ಲಿ 7 ಚಿಕ್ಕ ಟ್ರಯಲ್ ಕೂಡಿಸಿ ಹೇಳಿದ್ರು, 1995ರಲ್ಲಿ ಐಸಿಸ್-4 ಅಂತ 58,050 ರೋಗಿಗಳ ಟ್ರಯಲ್ ಬಂತು, ಏನೂ ಪ್ರಯೋಜನ ಕಾಣ್ಲಿಲ್ಲ. ಕೋವಿಡ್ ಟೈಮಲ್ಲಿ ಐವರ್ಮೆಕ್ಟಿನ್ ವಿಷಯದಲ್ಲಿ ಆಗಿದ್ದು ಇನ್ನೂ ಕೆಟ್ಟದ್ದು, ಡೇಟಾ ಬಗ್ಗೆ ಅನುಮಾನ ಎದ್ದು 2021ರ ಜುಲೈನಲ್ಲಿ ವಾಪಸ್ ತೆಗೆಸಿದ ಒಂದು ಸ್ಟಡಿಯನ್ನ ಹೊರಗಿಟ್ಟು ಲೆಕ್ಕ ಹಾಕಿದ್ರೆ ಮೆಟಾ-ಅನಾಲಿಸಿಸ್‌ಗಳ ದೊಡ್ಡ ಪರಿಣಾಮ ಕುಗ್ಗಿ ಹೋಯ್ತು.

ಪ್ರಶ್ನೆ: ಎಐಗೆ ಕೊಟ್ರೆ ಸ್ಕ್ರೀನಿಂಗ್, ಬರವಣಿಗೆ ಎಲ್ಲಾ ಮಾಡಿಕೊಡುತ್ತಂತೆ?

ಉತ್ತರ: ಸ್ಕ್ರೀನಿಂಗಲ್ಲಿ ಎರಡನೇ ಕಣ್ಣಾಗಿ, ಪದಗಳ ಪಟ್ಟಿಗೆ ಸಹಾಯಕ್ಕೆ ಬಳಸಿ, ಬಳಸಿದೀವಿ ಅಂತ ಬರೀರಿ. ಇಲ್ಲದ ಪೇಪರನ್ನ ಇದೆ ಅಂತ ಲೇಖಕರ ಹೆಸರು ಸಮೇತ ಹೇಳೋ ಚಾಳಿ ಅದಕ್ಕಿದೆ, ಹಾಗಾಗಿ ಅದು ಕೊಟ್ಟ ಒಂದೊಂದನ್ನೂ ತೆಗೆದು ನೋಡದೆ ಸೇರಿಸ್ಬೇಡಿ.

ಪ್ರಶ್ನೆ: ಹಾಗಾದ್ರೆ ಸ್ಕೋಪಿಂಗ್ ರಿವ್ಯೂ ಮಾಡ್ಲಾ, ಅದು ಸುಲಭ ಅಲ್ವಾ?

ಉತ್ತರ: ಅಲ್ಲ. ಪ್ರಶ್ನೆ ಬೇರೆ ಅಷ್ಟೆ. ಕೆಲಸ ಮಾಡುತ್ತಾ ಅಂತ ಕೇಳೋದು ಒಂದು, ಈ ವಿಷಯದಲ್ಲಿ ಯಾರ್ಯಾರು ಏನೇನು ನೋಡಿದಾರೆ ಅಂತ ನಕ್ಷೆ ಬರೆಯೋದು ಇನ್ನೊಂದು. ಸರ್ಚು, ಸ್ಕ್ರೀನಿಂಗು ಎರಡಕ್ಕೂ ಅಷ್ಟೇ ಬೆವರು. ಪ್ರಾಸ್ಪೆರೋ ಸ್ಕೋಪಿಂಗ್ ರಿವ್ಯೂಗಳನ್ನ ತಗೊಳಲ್ಲ, ಪ್ರೋಟೋಕಾಲನ್ನ ಬೇರೆ ಕಡೆ ಹಾಕ್ಬೇಕು.

ಪ್ರಶ್ನೆ: ನಾನು ಸ್ಟಾಫ್ ನರ್ಸ್, ಶಿಫ್ಟ್ ಮಧ್ಯೆ ಟೈಮ್ ಕಮ್ಮಿ, ಕೋರ್ಸ್ ಸೇರೋಕೆ ಆಗಲ್ಲ. ಮನೇಲೇ ಕಲಿಯೋ ದಾರಿ ಇದ್ಯಾ ಅಕ್ಕಾ?

ಉತ್ತರ: ಇದೆ ಕಣಮ್ಮ. ಕಾಕ್ರೇನ್ ಹ್ಯಾಂಡ್‌ಬುಕ್ ಆನ್‌ಲೈನಲ್ಲಿ ಪುಕ್ಕಟೆ ಸಿಗುತ್ತೆ, ಆದ್ರೆ ಮೊದಲ ಪುಟದಿಂದ ಓದೋಕೆ ಹೋಗ್ಬೇಡ, ನಿದ್ದೆ ಬರುತ್ತೆ. ನಿನ್ನ ಕೆಲಸಕ್ಕೆ ಹತ್ತಿರದ ಒಂದು ರಿವ್ಯೂ ತಗೋ, ಅದರ ಫಲಿತಾಂಶ ನೋಡದೆ ಮುಚ್ಚಿಡು. ಅದರಲ್ಲಿ ಸೇರಿರೋ ಟ್ರಯಲ್‌ಗಳಲ್ಲಿ ಪೂರ್ತಿ ಪೇಪರ್ ಸಿಗೋ ಮೂರನ್ನ ಇಳಿಸ್ಕೊಂಡು, ಎಷ್ಟು ಜನ, ಯಾರಿಗೆ ಏನು ಕೊಟ್ರು, ಎಷ್ಟು ಜನ ಮಧ್ಯದಲ್ಲೇ ಬಿಟ್ರು, ಫಲಿತಾಂಶದ ಸಂಖ್ಯೆ ಏನು ಅಂತ ನೀನೇ ಒಂದು ಹಾಳೇಲಿ ತೆಗಿ. ಆಮೇಲೆ ರಿವ್ಯೂ ತೆರೆದು ಅವರ ಟೇಬಲ್ ಜೊತೆ ಹೋಲಿಸು. ಹೊಂದದೆ ಹೋದ್ರೆ ಮೊದಲು ನಿಂದೇ ತಪ್ಪು ಅಂದ್ಕೊಂಡು ಟೇಬಲ್ ಕೆಳಗಿನ ಸಣ್ಣ ಅಕ್ಷರ ಓದು. ಓದಿದ ಮೇಲೂ ಹೊಂದದಿದ್ರೆ ಆ ರಿವ್ಯೂ ಬರೆದೋರಿಗೆ ಒಂದು ಮೇಲ್ ಹಾಕು, ನಾನಂತೂ ಅಂಥ ಒಂದು ಮೇಲ್ ಬಂದಿದ್ರೆ ಎರಡು ವಾರ ಉಳಿಸ್ಕೊಳ್ತಿದ್ದೆ.